ಗುಜರಿ ಕಬ್ಬಿಣ: ಟನ್ ಲೆಕ್ಕದ ಬಾಡಿಗೆಗೆ ಒಪ್ಪುವ ಮುನ್ನ

ಮಿತ್ರರೇ, ಪೀಣ್ಯದಿಂದ ಬಳ್ಳಾರಿ ಕಡೆಗೆ ಗುಜರಿ ಸಾಗಿಸುವವರು ಬಾಡಿಗೆ ಕುದುರಿಸುವ ಮುನ್ನ ಮಾಲನ್ನು ಕಣ್ಣಾರೆ ನೋಡಿ. ಬಿಡಿ ತಗಡು, ಡಬ್ಬಿಗಳಾದರೆ ಲಾರಿ ತುಂಬಿ ತುಳುಕಿದರೂ ತೂಕ ಬರುವುದಿಲ್ಲ. ಟೋಲ್ ಮಾತ್ರ ಅಷ್ಟೇ ಕಟ್ಟಬೇಕು, ಡೀಸೆಲ್ ಕೂಡ ಹೆಚ್ಚೇನೂ ಉಳಿಯುವುದಿಲ್ಲ. ಹೀಗೆ ನಾನೇ ಪೆಟ್ಟು ತಿಂದಿದ್ದೇನೆ. ಆದ್ದರಿಂದ ಕನಿಷ್ಠ ಇಷ್ಟು ಟನ್ನಿನ ಬಾಡಿಗೆ ಎಂದು ಮೊದಲೇ ಬರೆಸಿಕೊಳ್ಳಿ, ಇಲ್ಲವೇ ಯಂತ್ರದಲ್ಲಿ ಒತ್ತಿ ಕಟ್ಟಿದ ಮಾಲನ್ನೇ ಕೇಳಿ.

ತುಂಡು ಕಂಬಿ, ಎರಕದ ಮಾಲಿನಲ್ಲಿ ಅಪಾಯವೇ ಬೇರೆ: ಲಾರಿ ತುಂಬುವ ಮುನ್ನವೇ ತೂಕ ಮಿತಿ ಮೀರಬಹುದು. ಹತ್ತು ಚಕ್ರದ ಲಾರಿಗೆ ಮಿತಿ ಲಾರಿಯ ತೂಕವೂ ಸೇರಿ 28.5 ಟನ್, ನೋಂದಣಿ ಪತ್ರದಲ್ಲಿ ಕಡಿಮೆ ಇದ್ದರೆ ಅದೇ ಮಿತಿ. ಮೀರಿದರೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000. ತೂಕದ ಚೀಟಿ ಕೈಗೆ ಬರದೆ ದಯವಿಟ್ಟು ಗೇಟು ದಾಟಬೇಡಿ. ಮರುಪ್ರಯಾಣದ ಲೋಡನ್ನೂ ಗೊತ್ತುಮಾಡಿಕೊಂಡೇ ಹೊರಡಿ.