ಒಂದೇ ಹಾಳೆಯಲ್ಲಿ ಇಡೀ ಸಿಸ್ಟಮ್: ಬಿಬಿಓದಲ್ಲಿ ನಮ್ಮ ಕನ್ವೆನ್ಷನ್ ಕಾರ್ಡು ನೆಟ್ಟಗಾದ ಬಗೆ

ನಮ್ಮ ಬ್ರಿಡ್ಜ್ ಟೀಮಿನ ಎಲ್ಲ ಜೋಡಿಗಳೂ ಈಗ ಒಂದೇ ಹಾಳೆಯಿಂದ ಕನ್ವೆನ್ಷನ್ ಕಾರ್ಡು (ನಮ್ಮ ಬಿಡ್ಡುಗಳ, ಅಂದರೆ ಎಲೆ ಆಡುವ ಮುಂಚಿನ ಕೂಗುಗಳ ಅರ್ಥ ಎದುರಾಳಿಗೆ ತಿಳಿಸುವ ಪಟ್ಟಿ) ತೆಗೆದುಕೊಂಡು ಬಿಬಿಓದಲ್ಲಿ, ಅಂದರೆ ಬ್ರಿಡ್ಜ್ ಬೇಸ್ ಆನ್‌ಲೈನ್ ತಾಣದಲ್ಲಿ ಆಡುತ್ತಿವೆ. "ಆನ್‌ಲೈನ್‌ನಲ್ಲಿ ಕಾರ್ಡು ಯಾರು ಓದ್ತಾರೆ ಸ್ವಾಮಿ, ಕೇಳಿದರೆ ಟೈಪ್ ಮಾಡಿ ಹೇಳಿದರಾಯ್ತು" ಅಂದವರೇ ಈಗ ಲಿಂಕ್ ಕೇಳಿ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಮೊದಲಿಂದ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಸ್ಟೇಮನ್ (ನಾಲ್ಕೆಲೆ ಮೇಜರ್ ಇದೆಯಾ ಅಂತ ಕೇಳುವ ಬಿಡ್ಡು), ಟ್ರಾನ್ಸ್‌ಫರ್ (ಒಂದು ಸೂಟ್ ಹೇಳಿ ಅದರ ಮೇಲಿನ ಸೂಟನ್ನು ಪಾರ್ಟ್‌ನರ್ ಕೈಲಿ ಹೇಳಿಸುವುದು), ಅಲರ್ಟ್ (ಈ ಬಿಡ್ಡಿಗೆ ವಿಶೇಷ ಅರ್ಥ ಇದೆ ಅನ್ನುವ ಎಚ್ಚರಿಕೆ) ಇವೆಲ್ಲ ಗೊತ್ತಿದ್ದವರಿಗೇ ಮುಖ್ಯವಾಗಿ ಇದು.

ನಮ್ಮದು ಟು ಓವರ್ ಒನ್ ಅನ್ನುವ ಬಿಡ್ಡಿಂಗ್ ಸಿಸ್ಟಮ್. 1 ನೋ ಟ್ರಂಪ್ ಅಂದರೆ 15–17 ಪಾಯಿಂಟು, ಐದೆಲೆ ಮೇಜರ್ (♠ ಅಥವಾ ♥), ಜೊತೆಗೆ ಬಿಡ್ಡುಗಳಿಗೆ ವಿಶೇಷ ಅರ್ಥ ಕೊಡುವ ಒಪ್ಪಂದಗಳಾದ 1430 ಕೀ ಕಾರ್ಡ್, ಬರ್ಗನ್, ಡ್ರೂರಿ, ಲೆಬೆನ್‌ಸೋಲ್. ಹೊಸದೇನೂ ಇಲ್ಲ. ನಾನು ಬೆಂಗಳೂರಿನಲ್ಲಿದ್ದೇನೆ, ನನ್ನ ಪಾರ್ಟ್‌ನರ್ ಧಾರವಾಡದವರು, ನಿವೃತ್ತ ಗಣಿತದ ಮೇಷ್ಟ್ರು. 2020ರ ಲಾಕ್‌ಡೌನಿನಲ್ಲಿ ಕ್ಲಬ್ಬುಗಳು ಬಾಗಿಲು ಹಾಕಿ ಆಟವೆಲ್ಲ ಬಿಬಿಓಗೆ ಬಂದಾಗ ಜೋಡಿಯಾದೆವು. ಒಂದೇ ಮೇಜಿಗೆ ಕೂತು ಮಾತಾಡಿಕೊಳ್ಳುವ ಅವಕಾಶ ಇಲ್ಲದ ಜೋಡಿಗೆ ಕಾರ್ಡೇ ಆಧಾರ.

ಕಾರ್ಡನ್ನು ಹೊಸದಾಗಿ ಕಟ್ಟಲೇಬೇಕು ಅನ್ನಿಸಿದ ಬೋರ್ಡು ಇದು. ಟೀಮ್ ಪಂದ್ಯ, ನಾವು ವಲ್ನರಬಲ್ (ಸೋತರೆ ದಂಡ ಹೆಚ್ಚು). ನಾನು 1 ನೋ ಟ್ರಂಪ್ ಅಂದೆ, ಎಡಗಡೆಯವರು 2♦, ಮೇಷ್ಟ್ರು 2♥. ಐದು ಹಾರ್ಟು, ಆರೋ ಏಳೋ ಪಾಯಿಂಟು, 2♥ಕ್ಕೆ ಆಟ ನಿಲ್ಲಿಸೋಣ ಅನ್ನೋದು ಅವರ ಲೆಕ್ಕ. ನಮ್ಮ ಕಾರ್ಡಿನಲ್ಲಿ 1 ನೋ ಟ್ರಂಪ್ ಮುಂದೆ "ಸಿಸ್ಟಮ್ಸ್ ಆನ್" (ಎದುರಾಳಿ ನಡುವೆ ಬಂದರೂ ನಮ್ಮ ಬಿಡ್ಡುಗಳ ಅರ್ಥ ಬದಲಾಗಲ್ಲ) ಅಂತ ಒಂದು ಮಾತು ಇತ್ತು. ಅದನ್ನು ನೆಚ್ಚಿ ನಾನು ಟ್ರಾನ್ಸ್‌ಫರ್ ಅಂತ ತಿಳಿದು 2♠ ಅಂದೆ. ಅವರು ಪಾಸ್. ಇಬ್ಬರದೂ ಸೇರಿ ಐದೇ ಸ್ಪೇಡಿನಲ್ಲಿ ಮೂರು ಡೌನ್ (ಮೂರು ಟ್ರಿಕ್ ಕಡಿಮೆ), ಮೈನಸ್ 300. ಇನ್ನೊಂದು ಮೇಜಿನಲ್ಲಿ 2♥ ಆಡಿ 110 ತಗೊಂಡಿದ್ದರು. ಒಟ್ಟು 410, ಅಂದರೆ 9 ಇಂಪ್ (ಟೀಮ್ ಪಂದ್ಯದ ಅಂಕ). ಮುಖಾಮುಖಿ ಆಟದಲ್ಲಾದರೆ ಪಾರ್ಟ್‌ನರ್ ಬಿಡ್ಡಿಗೆ ನಾವು ಅಲರ್ಟ್ ಮಾಡುತ್ತೇವೆ. ಆನ್‌ಲೈನ್‌ನಲ್ಲಿ ನಮ್ಮ ಬಿಡ್ಡಿಗೆ ನಾವೇ ವಿವರಣೆ ಕೊಡಬೇಕು, ಅದು ಪಾರ್ಟ್‌ನರ್‌ಗೆ ಕಾಣಲ್ಲ. ಎದುರಾಳಿಗಳ ಪರದೆಯಲ್ಲಿ ಮೇಷ್ಟ್ರ 2♥ ಮೇಲೆ "ಹಾರ್ಟು, ಆಡೋಕೆ" ಅಂತಲೂ, ನನ್ನ 2♠ ಮೇಲೆ "ಟ್ರಾನ್ಸ್‌ಫರ್ ಒಪ್ಪಿದೆ" ಅಂತಲೂ ಕಾಣುತ್ತಿತ್ತು. ಡೈರೆಕ್ಟರ್ (ಪಂದ್ಯದ ತೀರ್ಪುಗಾರ) ಬಂದು ಕಾರ್ಡು ಕೇಳಿದರು. 2♦ ಮೇಲೆ ಏನು ಅನ್ನೋ ಸಾಲೇ ಅದರಲ್ಲಿ ಇರಲಿಲ್ಲ.

"ಇದನ್ನ ಮೊದಲ ಬರದು ಇಟ್ಕೊಂಡಿದ್ರ ಛಲೋ ಇತ್ತಲ್ರೀ" ಅಂದರು ಮೇಷ್ಟ್ರು. ಅಲ್ಲಿಂದ ಶುರು.

ಮೊದಲು ಬಿಬಿಓದೊಳಗಿನ ಕಾರ್ಡನ್ನೇ ತುಂಬಿಸಿದೆವು. ಖಾನೆಗಳು ಚಿಕ್ಕವು, ಓಪನಿಂಗ್‌ಗೆ ಸಾಕು, ಎದುರಾಳಿ ನಡುವೆ ಬಂದಾಗಿನ ಮಾತಿಗೆ ಜಾಗವಿಲ್ಲ. ಹಳೆಯ ವಿಂಡೋಸ್ ಪ್ರೋಗ್ರಾಂ ಕಾಲದಲ್ಲಿ ಫುಲ್ ಡಿಸ್‌ಕ್ಲೋಷರ್ ಅಂತ ಒಂದಿತ್ತು, ಬಿಡ್ ಮಾಡಿದ ಕೂಡಲೇ ಅದರ ಅರ್ಥ ಎದುರಾಳಿಗೆ ತಾನಾಗೇ ಕಾಣುತ್ತಿತ್ತು. ನನ್ನ ಪ್ರಕಾರ ಆನ್‌ಲೈನ್ ಬ್ರಿಡ್ಜ್‌ನಲ್ಲಿ ಬಂದ ಅತ್ಯುತ್ತಮ ಯೋಚನೆ ಅದು. ನಾವು ಸೇರುವ ಹೊತ್ತಿಗೆ ಎಲ್ಲರೂ ಬ್ರೌಸರಿಗೆ ಬಂದಾಗಿತ್ತು, ಆ ದಾರಿ ಮುಚ್ಚಿತ್ತು.

ಆಮೇಲೆ ವರ್ಡ್ ಕಡತ, ವಾಟ್ಸಾಪ್. ಇದು ಎಲ್ಲ ಜೋಡಿಗಳ ಕತೆ. "ಸಿಸ್ಟಮ್ ಫೈನಲ್", "ಸಿಸ್ಟಮ್ ಫೈನಲ್ ಹೊಸದು", "ಇದೇ ಫೈನಲ್". ಅವರ ಹತ್ತಿರ ಒಂದು, ನನ್ನ ಹತ್ತಿರ ಇನ್ನೊಂದು. ಇಪ್ಪತ್ತೈದು ಮೂವತ್ತು ಪುಟ ಬೆಳೆದದ್ದನ್ನು ಪಂದ್ಯದ ಹಿಂದಿನ ರಾತ್ರಿ ಯಾರೂ ಓದಲ್ಲ.

ಮೂರನೆಯದಕ್ಕೆ ದುಡ್ಡು ಹೋಯಿತು. ಪರಿಚಯದ ಒಬ್ಬ ಹುಡುಗನಿಗೆ ಹೇಳಿ ನಮ್ಮದೇ ಆ್ಯಪ್ ಮಾಡಿಸಿದೆ: ಬಿಡ್ ಒತ್ತಿದರೆ ಅರ್ಥ ಬರಬೇಕು, ಕೊನೆಗೆ ಪಿಡಿಎಫ್ ಕಾರ್ಡು ಇಳಿಯಬೇಕು. ಹನ್ನೆರಡು ಹದಿಮೂರು ಸಾವಿರ ಕೊಟ್ಟಿರಬೇಕು. ತೋರಿಸುವಾಗ ಚೆಂದ ಇತ್ತು. ಒಂದು ಸಾಲು ಬದಲಾಯಿಸಬೇಕಾದರೂ ಅವನಿಗೇ ಹೇಳಬೇಕು, ಅವನಿಗೆ ಅಷ್ಟರಲ್ಲಿ ಕೆಲಸ ಸಿಕ್ಕಿ ಪುಣೆಗೆ ಹೋದ. ಇದರ ಜೊತೆಗೆ ತಿಂಗಳಿಗೆ ನಾನೂರರ ಹತ್ತಿರ ಕೊಟ್ಟು ಒಂದು ನೋಟ್ಸ್ ಆ್ಯಪ್ ವರ್ಷಗಟ್ಟಲೆ ಇಟ್ಟುಕೊಂಡಿದ್ದೆ. ಎಲ್ಲ ಸೇರಿ ಇಪ್ಪತ್ತು ಸಾವಿರಕ್ಕೆ ಕಡಿಮೆ ಆಗಿಲ್ಲ. ಈಗ ನಡೆಯುತ್ತಿರುವ ವಿಧಾನಕ್ಕೆ ಖರ್ಚು ಸೊನ್ನೆ.

ವಿಧಾನ ಇಷ್ಟೇ: ಗೂಗಲ್ ಶೀಟ್‌ನಲ್ಲಿ ಒಂದು ಹಾಳೆ, ಒಂದು ಸಾಲಿಗೆ ಒಂದೇ ಬಿಡ್. ಮೊದಲ ಕಾಲಮ್ಮಿನಲ್ಲಿ ಅದುವರೆಗಿನ ಬಿಡ್ಡಿಂಗ್, ಎರಡನೆಯದರಲ್ಲಿ ಬಿಡ್, ಮೂರನೆಯದರಲ್ಲಿ ಎದುರಾಳಿಗೆ ಕಾಣಬೇಕಾದ ವಿವರಣೆ. ಉಳಿದ ಕಾಲಮ್ಮುಗಳನ್ನು ವರ್ಲ್ಡ್ ಬ್ರಿಡ್ಜ್ ಫೆಡರೇಷನ್ ಕಾರ್ಡಿನ ಒಳಪುಟದಿಂದ ಎತ್ತಿಕೊಂಡೆ: ಕೃತಕ ಬಿಡ್ಡೋ ಅಲ್ಲವೋ, ಕನಿಷ್ಠ ಎಷ್ಟೆಲೆ, ನೆಗೆಟಿವ್ ಡಬಲ್ (ಎದುರಾಳಿ ಹೇಳದ ಸೂಟುಗಳು ನನ್ನಲ್ಲಿವೆ ಅನ್ನುವ ಡಬಲ್) ಎಲ್ಲಿಯವರೆಗೆ, ಪಾಸ್ ಮಾಡಿದ ಕೈ ಆದರೆ ಏನು. ಅಮೆರಿಕದ ಬ್ರಿಡ್ಜ್ ಸಂಘ ಎಸಿಬಿಎಲ್‌ನ ಕಾರ್ಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅಲರ್ಟಿಗೆ ಕೆಂಪು, ಅನೌನ್ಸ್‌ಮೆಂಟಿಗೆ (ಪಾರ್ಟ್‌ನರ್ ಬಿಡ್ಡಿನ ಅರ್ಥ ಬಾಯಲ್ಲೇ ಹೇಳುವುದಕ್ಕೆ) ನೀಲಿ ಅನ್ನುವ ಅದರ ಬಣ್ಣದ ಪದ್ಧತಿ ಮಾತ್ರ ಹಿಡಿಸಿತು, ಅದನ್ನು ಹಾಳೆಗೆ ತಂದೆ. ಕೊನೆಯ ಎರಡು ಕಾಲಮ್ಮು ನನ್ನವೇ: ಇಬ್ಬರ ಇನಿಷಿಯಲ್. ಎರಡೂ ಬೀಳದ ಸಾಲು ಕಾರ್ಡಿಗೆ ಹೋಗಲ್ಲ. ನಮ್ಮ ಜೋಡಿ ಉಳಿದದ್ದು ಈ ಎರಡು ಕಾಲಮ್ಮಿನಿಂದ.

ಸಾಲುಗಳನ್ನು ಜೋಡಿಸುವ ಕ್ರಮ ಇನ್ನೂ ಮುಖ್ಯ. ಎಲ್ಲರೂ ತಮ್ಮ ಬಿಡ್ಡುಗಳ ಪ್ರಕಾರ ಬರೆಯುತ್ತಾರೆ. ಎದುರಾಳಿ ಪಾಸ್ ಅಂದಾಗ ಯಾರ ಸಿಸ್ಟಮ್ಮಾದರೂ ಚೆನ್ನಾಗೇ ಇರುತ್ತದೆ. ನಾನು ಎದುರಾಳಿಯ ಬಿಡ್ಡಿನ ಪ್ರಕಾರ ಬರೆದೆ. 1 ನೋ ಟ್ರಂಪ್ ಮೇಲೆ ಡಬಲ್ ಬಂದರೆ, 2♣ ಬಂದರೆ, 2♦ ಬಂದರೆ, ಹೀಗೆ ಮೂರರ ಮಟ್ಟದ ತನಕ. ಡಬಲ್‌ಗೂ 2♣ಗೂ ಏನೂ ಬದಲಾಗಲ್ಲ, 2♣ ಮೇಲಿನ ನಮ್ಮ ಡಬಲ್ ಸ್ಟೇಮನ್. 2♦ ಇಂದ ಮೇಲಕ್ಕೆ ಲೆಬೆನ್‌ಸೋಲ್: ಎರಡರ ಮಟ್ಟದಲ್ಲಿ ಯಾವ ಸೂಟ್ ಹೇಳಿದರೂ ಅದೇ ಸೂಟ್, ಆಡೋಕೆ. 2 ನೋ ಟ್ರಂಪ್ ಅಂದರೆ 3♣ ಹೇಳು ಅಂತ. ಮೂರರ ಮಟ್ಟ ನೇರವಾಗಿ ಹೇಳಿದರೆ ಗೇಮ್ ಫೋರ್ಸಿಂಗ್ (ಗೇಮ್ ತಲುಪುವ ತನಕ ನಿಲ್ಲಿಸುವಂತಿಲ್ಲ). 9 ಇಂಪ್ ನುಂಗಿದ ಬಿಡ್ಡು ಈಗ ಹಾಳೆಯಲ್ಲಿ ಒಂದು ಸಾಲು.

ಹಾಳೆ ಸಿದ್ಧವಾದ ಮೇಲೆ ಬ್ರೌಸರಿನ ಬಿಬಿಓ ಅಲರ್ಟ್ ಎಕ್ಸ್‌ಟೆನ್ಷನ್, ಬಿಡ್ ಮಾಡಿದಾಗ ವಿವರಣೆಯನ್ನು ತಾನೇ ತುಂಬುವ ಚಿಕ್ಕ ಪ್ರೋಗ್ರಾಂ. ಬಿಟ್ಟಿ ಸಿಗುತ್ತದೆ, ನಿಮ್ಮಲ್ಲಿ ಹಲವರು ಹಾಕಿಕೊಂಡೇ ಇರುತ್ತೀರಿ. ಅದಕ್ಕೆ ಬೇಕಾದ್ದೂ ಇದೇ ಮೂರು ಕಾಲಮ್, ಅಲ್ಪವಿರಾಮ ಹಾಕಿ ಬೇರ್ಪಡಿಸಿರಬೇಕು. ಪಾಸ್‌ಗೆ ಎರಡು ಅಡ್ಡಗೆರೆ, ಡಬಲ್‌ಗೆ ಎರಡಕ್ಷರ. ಹಾಳೆಯ ಬಿಡ್ಡಿಂಗನ್ನು ಆ ರೂಪಕ್ಕೆ ತಿರುಗಿಸೋಕೆ ಒಂದು ಫಾರ್ಮುಲಾ ಬರೆದೆ. ಸಾಲು ಬದಲಾದರೆ ಕಾರ್ಡೂ ಅಲರ್ಟೂ ಪ್ರಿಂಟ್ ಪ್ರತಿಯೂ ಒಟ್ಟಿಗೇ ಬದಲಾಗುತ್ತವೆ. ಆ ಫಾರ್ಮುಲಾ ಇಲ್ಲಿ ಬಿಡಿಸಿ ಹೇಳಲ್ಲ. ಹಾಗಂತ ಸಿಸ್ಟಮ್ಮಿನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ಎದುರಾಳಿ ಕೇಳಿದರೆ ಇಡೀ ಹಾಳೆ ತೆರೆದು ತೋರಿಸುತ್ತೇನೆ. ಹಾಳೆ ಕಟ್ಟಿದ ಕೈಚಳಕ ಮಾತ್ರ ನನ್ನದು, ಅಷ್ಟು ಇರಲಿ.

ಹಂಚುವುದು ಲಿಂಕಿನಲ್ಲೇ, ಕಡತ ಕಳಿಸುವುದೇ ಇಲ್ಲ. ನೋಡುವ ಹಕ್ಕು ಎಲ್ಲರಿಗೂ, ತಿದ್ದುವ ಹಕ್ಕು ಜೋಡಿಯ ಇಬ್ಬರಿಗೆ ಮಾತ್ರ. ಎದುರಾಳಿಗಳಿಗೆ ಹಾಳೆಯಿಂದ ಇಳಿಸಿದ ಎರಡು ಪುಟದ ಕಾರ್ಡಿನ ಲಿಂಕು. ಬೋರ್ಡು ಶುರುವಾಗುವ ಮುಂಚೆ ಅದನ್ನು ಚಾಟ್‌ನಲ್ಲಿ ಹಾಕುತ್ತೇವೆ, ಜೊತೆಗೆ "ಟು ಓವರ್ ಒನ್, 15–17" ಅಂತ ಒಂದೇ ಸಾಲು.

ವಿವರಣೆ ಬರೆಯುವುದಕ್ಕೆ ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. "ಡ್ರೂರಿ" ಅಂತ ಬರೆದು ಕೈತೊಳೆದುಕೊಳ್ಳೋದು ಸರಿಯಲ್ಲ. ಪೋಲೆಂಡಿನವರೋ ಟರ್ಕಿಯವರೋ ಎದುರಿಗಿದ್ದರೆ ಅವರ ಡ್ರೂರಿಯೇ ಬೇರೆ ಇರಬಹುದು. ಬಿಬಿಓದ ಜಿಐಬಿ ರೋಬಾಟಿನ ಬಿಡ್ ಒತ್ತಿ ನೋಡಿ: ಇಷ್ಟೆಲೆ, ಇಷ್ಟು ಪಾಯಿಂಟು, ಮುಗಿಯಿತು. ನಾನು ಅದೇ ಮಾದರಿ ಹಿಡಿದೆ. "3+ ♠, 10–12, ಮೊದಲೇ ಪಾಸ್ ಆದ ಕೈ". ಬರ್ಗನ್ 3♣ಗೆ "4+ ಟ್ರಂಪ್, 7–10". ಎಲೆ ಮೊದಲು, ಪಾಯಿಂಟ್ ಆಮೇಲೆ, ಫೋರ್ಸಿಂಗೋ ಅಲ್ಲವೋ ಕೊನೆಗೆ. ಈ ಕ್ರಮ ಒಂದು ಸಾಲಿನಲ್ಲೂ ತಪ್ಪಬಾರದು. ಪೆಟ್ಟಿಗೆ ಚಿಕ್ಕದು, ಉದ್ದ ಬರೆದರೆ ಕೊನೆಯ ಪದವೇ ಕತ್ತರಿಸಿ ಹೋಗುತ್ತದೆ, ಆ ಕೊನೆಯ ಪದ ಸಾಮಾನ್ಯವಾಗಿ "ಫೋರ್ಸಿಂಗ್ ಅಲ್ಲ" ಅನ್ನೋದರಲ್ಲಿನ "ಅಲ್ಲ". ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸೂಟಿನ ಮೊದಲ ಇಂಗ್ಲಿಷ್ ಅಕ್ಷರ ಒತ್ತಿದರೆ ♠ ♥ ಚಿಹ್ನೆ ಬರುವುದು ಇಲ್ಲಿ ಬಹಳ ಜಾಗ ಉಳಿಸಿತು.

ಮೇಷ್ಟ್ರು ಆಡೋದು ಟ್ಯಾಬ್ಲೆಟ್ಟಿನಲ್ಲಿ, ಬಿಬಿಓ ಆ್ಯಪ್‌ನಲ್ಲಿ ಎಕ್ಸ್‌ಟೆನ್ಷನ್ ಕೂರಲ್ಲ. ಲ್ಯಾಪ್‌ಟಾಪ್ ತಗೊಳ್ಳಿ ಅಂದರೆ "ಇಷ್ಟಕ್ಕ ನಲವತ್ತು ಸಾವಿರ ಯಾಕ್ರೀ" ಅಂದರು. ಅದಕ್ಕೆ ಕೀಬೋರ್ಡಿನ ಶಾರ್ಟ್‌ಕಟ್ ಹಿಡಿದೆವು. ಸೆಟ್ಟಿಂಗ್‌ನಲ್ಲಿ ಎರಡು ಅಕ್ಷರಕ್ಕೆ ಒಂದು ಪೂರ್ತಿ ವಾಕ್ಯ ಕಟ್ಟಿಟ್ಟರೆ ಸಾಕು, ಆ ಎರಡಕ್ಷರ ಒತ್ತಿದ ಕೂಡಲೇ ವಿವರಣೆ ಇಳಿಯುತ್ತದೆ. ಅವರು ನಲವತ್ತರ ಆಸುಪಾಸು ಕಟ್ಟಿಕೊಂಡಿದ್ದಾರೆ. ನನ್ನ ಎಕ್ಸ್‌ಟೆನ್ಷನ್ನಿಗಿಂತ ಅವರ ಬೆರಳು ಒಮ್ಮೊಮ್ಮೆ ಬೇಗ.

ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ತೆಗೆದ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಬಿಡ್ ಆಯ್ದು ಓಕೆ ಒತ್ತುವ ಮುಂಚೆಯೇ ವಿವರಣೆ ಪೆಟ್ಟಿಗೆಯಲ್ಲಿ ಕಾಣುತ್ತದಲ್ಲ, ಅದು ನೆನಪಿಗೆ ಕೊಟ್ಟ ಊರುಗೋಲಾಗಲಿಲ್ಲವೇ ಅಂದರು. 2017ರ ಡುಪ್ಲಿಕೇಟ್ ಬ್ರಿಡ್ಜ್ ನಿಯಮಗಳಲ್ಲಿ 40ನೆಯದು ಸ್ಪಷ್ಟವಾಗಿದೆ: ಪಂದ್ಯದ ನಿಯಂತ್ರಣ ಸಂಸ್ಥೆ ಒಪ್ಪದ ಹೊರತು ಬಿಡ್ಡಿಂಗ್ ಹೊತ್ತಿನಲ್ಲಿ ನೆನಪಿಗೆ ಸಹಾಯ ತಗೊಳ್ಳುವಂತಿಲ್ಲ. ಹಾಗಾಗಿ ಪ್ರತಿ ಟೂರ್ನಮೆಂಟಿಗೂ ಮುಂಚೆ ಡೈರೆಕ್ಟರ್‌ಗೆ ಬರೆದು ಕೇಳುತ್ತೇನೆ, ಉತ್ತರ ಉಳಿಸಿಕೊಳ್ಳುತ್ತೇನೆ. ಬೇಡ ಅಂದರೆ ಎಕ್ಸ್‌ಟೆನ್ಷನ್ ಆಫ್ ಮಾಡಿ ನಾನೂ ಕೈಯಲ್ಲೇ ಟೈಪ್ ಮಾಡುತ್ತೇನೆ. ಒಪ್ಪಿಗೆ ಇಲ್ಲದೆ ಯಾರೂ ಇದನ್ನು ಬಳಸಬೇಡಿ. ಎದುರಾಳಿಗೆ ಪೂರ್ತಿ ಮಾಹಿತಿ ಕೊಡೋಕೆ ಹುಟ್ಟಿದ ಸಾಧನ ನಮಗೇ ಲಾಭ ಮಾಡಿಕೊಡುವ ಹಾಗಾದರೆ ಆಟ ಕೆಡುತ್ತದೆ.

ನಡುವೆ ಒಂದು ಪ್ರಯೋಗಕ್ಕೆ ಇಳಿದೆ. ಬಿಬಿಓದಲ್ಲಿ ನಾವು ಆಡಿದ ಬೋರ್ಡುಗಳು ಲಿನ್ ಕಡತಗಳಾಗಿ ಸಿಗುತ್ತವೆ. ಅದರೊಳಗೆ ಬಿಡ್ಡಿಗೆ ಎಂಬಿ, ವಿವರಣೆಗೆ ಎಎನ್ ಅನ್ನೋ ಗುರುತು ಇರುತ್ತದೆ. ಸುಮಾರು ಎರಡು ಸಾವಿರ ಬೋರ್ಡಿನ ಕಡತ ಒಟ್ಟುಗೂಡಿಸಿ, ಯಾವ ಸಾಲು ಎಷ್ಟು ಸಲ ಬಂತು ಅಂತ ತೆಗೆದೆ. ಆಗ ಹಾಳೆಯಲ್ಲಿ ಆರುನೂರು ಚಿಲ್ಲರೆ ಸಾಲು ಇತ್ತು, ಅರ್ಧಕ್ಕಿಂತ ಹೆಚ್ಚು ಒಮ್ಮೆಯೂ ಬಂದಿರಲಿಲ್ಲ. ನಾವು ಬಹಳ ಮುತುವರ್ಜಿಯಿಂದ ಬರೆದಿದ್ದ 2 ನೋ ಟ್ರಂಪ್ ಮೇಲಿನ ಪಪೆಟ್ ಸ್ಟೇಮನ್ (ಐದೆಲೆ ಮೇಜರನ್ನೂ ಕೇಳುವ ಸ್ಟೇಮನ್) ಮುಂದಿನ ಮಾತೆಲ್ಲ ಬೆರಳೆಣಿಕೆಯಷ್ಟು. ಒಂದರ ಮಟ್ಟದಲ್ಲಿ ಓಪನ್ ಮಾಡಿ ಎದುರಾಳಿ ಟೇಕ್‌ಔಟ್ ಡಬಲ್ (ನಿನ್ನ ಸೂಟ್ ಹೇಳು ಅಂತ ತನ್ನ ಪಾರ್ಟ್‌ನರ್‌ಗೆ ಕೇಳುವ ಡಬಲ್) ಅಂದದ್ದು ಮಾತ್ರ ಮತ್ತೆ ಮತ್ತೆ ಬಂದಿತ್ತು. ಅಲ್ಲಿ ನಮ್ಮ ಸಾಲುಗಳು ಐದೋ ಆರೋ. ಪಪೆಟ್ ಭಾಗ ಕತ್ತರಿಸಿ ಡಬಲ್ ಭಾಗ ಬೆಳೆಸಿದೆವು. ಹಾಳೆ ನಾನೂರಕ್ಕೆ ಇಳಿಯಿತು. ಕಾರ್ಡು ಕಟ್ಟುವವರು ಬೇರೆಲ್ಲ ಬಿಟ್ಟರೂ ಇದೊಂದು ಮಾಡಿ.

ಇನ್ನೊಂದು ಪ್ರಯೋಗ ಅಷ್ಟು ಫಲ ಕೊಡಲಿಲ್ಲ. ಮುಖಾಮುಖಿ ಪಂದ್ಯಕ್ಕೆ ಕಾರ್ಡನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಮೂಲೆಯಲ್ಲಿ ಕ್ಯೂಆರ್ ಕೋಡ್ ಕೂರಿಸಿದೆ. ಒಂದಕ್ಕೆ ಅರವತ್ತೋ ಎಪ್ಪತ್ತೋ ಬಿತ್ತು. ಆಟದ ಹಾಲ್‌ನೊಳಗೆ ಫೋನ್ ಬಿಡದ ಕಡೆ ಕ್ಯೂಆರ್ ಯಾರು ಸ್ಕ್ಯಾನ್ ಮಾಡಬೇಕು? ಈಗ ಆ ಮೂಲೆಯಲ್ಲಿ ಲೀಡ್ (ಮೊದಲು ಇಳಿಸುವ ಎಲೆ), ಸಿಗ್ನಲ್ (ಎಲೆಯಿಂದಲೇ ಪಾರ್ಟ್‌ನರ್‌ಗೆ ಕೊಡುವ ಸೂಚನೆ) ದೊಡ್ಡದಾಗಿ ಹಾಕಿದ್ದೇವೆ.

ಸಾಲು ಬರೆದ ಮಾತ್ರಕ್ಕೆ ತಲೆಗೆ ಹೋಗಲ್ಲ. ವಾರಕ್ಕೆರಡು ರಾತ್ರಿ ಬಿಬಿಓ ಬಿಡ್ಡಿಂಗ್ ಟೇಬಲ್‌ನಲ್ಲಿ ಕೂರುತ್ತೇವೆ. ಡೀಲರ್‌ಗೆ ಷರತ್ತು ಹಾಕಿ ನಮಗೆ ಬೇಕಾದ ಕೈಗಳನ್ನೇ ಹಂಚಿಸಿಕೊಳ್ಳುತ್ತೇವೆ: ಒಬ್ಬರಿಗೆ 15–17 ಬ್ಯಾಲೆನ್ಸ್ಡ್, ಎದುರಾಳಿಗೆ ಆರೆಲೆ ಡೈಮಂಡ್. ಅರ್ಧ ಗಂಟೆಗೆ ಇಪ್ಪತ್ತರ ಹತ್ತಿರ ಕೈ ಆಗುತ್ತದೆ. ಎಲ್ಲಿ ಇಬ್ಬರಿಗೂ ಬೇರೆ ಬೇರೆ ಅರ್ಥ ಹೊಳೆಯಿತೋ ಆ ಸಾಲಿನ ಇನಿಷಿಯಲ್ ಅಳಿಸುತ್ತೇವೆ, ಮತ್ತೆ ಮಾತಾಡಿ ಒಪ್ಪಿದ ಮೇಲೇ ಸಹಿ. ಯಾವ ಷರತ್ತು ಹಾಕಿದರೆ ಜಗಳದ ಕೈಗಳು ಬೇಗ ಸಿಗುತ್ತವೆ ಅನ್ನೋದು ನಮ್ಮಿಬ್ಬರಲ್ಲೇ ಇರಲಿ.

ಮೊದಲು ತಿಂಗಳಿಗೆ ಎರಡು ಮೂರು ಸಲ ಡೈರೆಕ್ಟರ್ ನಮ್ಮ ಮೇಜಿಗೆ ಬರುತ್ತಿದ್ದರು. ಹೋದ ವರ್ಷದಲ್ಲಿ ವಿವರಣೆಯ ವಿಷಯಕ್ಕೆ ಕರೆದದ್ದು ನನಗೆ ನೆನಪಿಲ್ಲ. ಸಿಸ್ಟಮ್ ಗೊಂದಲಕ್ಕೆ ಪಂದ್ಯಕ್ಕೆ ಎಂಟು ಹತ್ತು ಇಂಪ್ ಕಳೆಯುತ್ತಿದ್ದವರು ಈಗ ಒಂದೆರಡಕ್ಕೆ ಬಂದಿದ್ದೇವೆ. ಊರಿನ ಟೀಮ್ ಟೂರ್ನಮೆಂಟ್‌ಗಳಲ್ಲಿ ಸೆಮಿಫೈನಲ್ ತಲುಪುವುದು ವಾಡಿಕೆಯಾಗಿದೆ, ಅದರಲ್ಲಿ ಆ ಎಂಟು ಹತ್ತು ಇಂಪ್‌ಗಳ ಪಾಲು ದೊಡ್ಡದು. ಆನ್‌ಲೈನ್‌ನಲ್ಲಿ ಕಾರ್ಡು ಯಾರೂ ಓದಲ್ಲ ಅನ್ನೋದೂ ಸುಳ್ಳಾಯಿತು. ಎರಡು ಪುಟ ಇದ್ದರೆ ಓದುತ್ತಾರೆ, ಲೀಡ್ ಮಾಡುವ ಮುಂಚೆ ಕಾರ್ಡಿನ ಸಾಲು ಎತ್ತಿ ಹೇಳಿಯೇ ಪ್ರಶ್ನೆ ಕೇಳಿದವರಿದ್ದಾರೆ.

ಈಗ ಮೈಸೂರಿನ ಒಂದು ಪ್ರಿಸಿಷನ್ ಜೋಡಿಗೆ (1♣ ಅಂದರೆ ಬಲವಾದ ಕೈ ಅನ್ನುವ ಸಿಸ್ಟಮ್ ಆಡುವವರಿಗೆ) ಹಾಳೆ ಕಟ್ಟಿಕೊಡುತ್ತಿದ್ದೇನೆ. ಅವರ ಬಲವಾದ 1♣ ಮೇಲೆ ಎದುರಾಳಿಗಳು ಕೈಯಲ್ಲೇನೂ ಇಲ್ಲದೆಯೂ ಜಿಗಿಯುತ್ತಾರೆ, ಹಾಗಾಗಿ 1♣ ಮೇಲೆ 1♠, 2♦, 3♣ ಬಂದರೆ ಏನು ಅನ್ನೋ ಭಾಗವೇ ಹಾಳೆಯ ಅರ್ಧ ತಿಂದಿದೆ. ಅಲ್ಲಿ ಡಬಲ್ ಅಂದರೆ 5–7 ಪಾಯಿಂಟೋ ಅಥವಾ 8ಕ್ಕಿಂತ ಹೆಚ್ಚೋ ಅನ್ನೋದರಲ್ಲಿ ಇಬ್ಬರೂ ಇನ್ನೂ ಒಪ್ಪಿಲ್ಲ, ಆ ಸಾಲಿಗೆ ಒಂದೇ ಇನಿಷಿಯಲ್ ಬಿದ್ದಿದೆ.