ಆಫ್ರಿಕಾದ ಹಳೇ ರಾಜ್ಯಗಳನ್ನು ಮಕ್ಕಳಿಗೆ ಹೀಗೆ ಹೇಳಿಕೊಡಿ
ಡೊಂಬಿವಿಲಿಯಲ್ಲೋ ಮಾಟುಂಗಾದಲ್ಲೋ ಮನೆಯಲ್ಲೇ ಮಕ್ಕಳಿಗೆ ಇತಿಹಾಸ ಹೇಳುವವರು ಈಜಿಪ್ಟಿನಿಂದ ಶುರು ಮಾಡಬೇಡಿ, ಅದು ಅವರಿಗೆ ಗೊತ್ತೇ ಇರುತ್ತದೆ.

ನಕ್ಷೆ ಹರಡಿ. ಮುಂಬೈ ಮೇಲೆ ಬೆರಳಿಡಿಸಿ, ಅರಬ್ಬಿ ಸಮುದ್ರ ದಾಟಿಸಿ, ಕೆಂಪು ಸಮುದ್ರದ ಅದುಲಿಸ್ ಬಂದರಿನವರೆಗೆ ಕರೆದೊಯ್ಯಿರಿ. ಈಗಿನ ಎರಿಟ್ರಿಯಾದ ಈ ಬಂದರಿನಿಂದಲೇ, ಈಗಿನ ಇಥಿಯೋಪಿಯಾ, ಎರಿಟ್ರಿಯಾ ಕಡೆಯ ಹಳೇ ಅಕ್ಸುಮ್ ರಾಜ್ಯ ಆನೆದಂತ ಮಾರುತ್ತಿತ್ತು, ನಮ್ಮ ಪಶ್ಚಿಮ ಕರಾವಳಿಯಿಂದ ಹತ್ತಿಬಟ್ಟೆ ತರಿಸುತ್ತಿತ್ತು. ಹತ್ತಿರದ ನಂಟು, ಅಲ್ವಾ?

ನಾಣ್ಯದ ಚಿತ್ರ ತೋರಿಸಲೇಬೇಕು. 4ನೇ ಶತಮಾನದ ಅಕ್ಸುಮ್ ರಾಜ ಎಜಾನನ ನಾಣ್ಯಗಳಲ್ಲಿ ಮೊದಲು ಚಂದ್ರ, ಆಮೇಲೆ ಶಿಲುಬೆ. ಯಾಕೆ ಬದಲಾಯಿತು ಅಂತ ಮಕ್ಕಳೇ ಕೇಳಲಿ. ರಾಜ ಕ್ರೈಸ್ತನಾದ ಅಂತ ಆಗ ಹೇಳಿ.

ಮುಂದೆ ಈಗಿನ ಸುಡಾನ್ ಕಡೆಯ ಕುಶ್ ರಾಜ್ಯ. ಅಲ್ಲಿನ ರಾಜ ಪಿಯೆ ಕ್ರಿ.ಪೂ. 8ನೇ ಶತಮಾನದಲ್ಲಿ ಈಜಿಪ್ಟನ್ನೇ ಗೆದ್ದ. ಕೊನೆಗೆ ಚಿನ್ನ, ಉಪ್ಪಿನ ವ್ಯಾಪಾರದ ಘಾನಾ. ಅದು ಈಗಿನ ಘಾನಾ ದೇಶದಲ್ಲಲ್ಲ, ಮಾಲಿ, ಮಾರಿಟೇನಿಯಾ ಕಡೆ ಇತ್ತು, ತಪ್ಪದೆ ತೋರಿಸಿ.