ಕಪ್ಪಾಗದ ಬೇಸಿಲ್ ಪೆಸ್ಟೊ: ನನ್ನ ಅನುಭವ

ಪೆಸ್ಟೊ ಅಂದರೆ ಬೇಸಿಲ್ ಎಲೆ, ಬೆಳ್ಳುಳ್ಳಿ, ಬೀಜ, ಚೀಸ್, ಎಣ್ಣೆ ಸೇರಿಸಿ ರುಬ್ಬುವ ಇಟಲಿಯ ಚಟ್ನಿ. ಬೇಸಿಲ್ ನಮ್ಮ ಕಾಮಕಸ್ತೂರಿ ಜಾತಿಯದೇ. ಅದನ್ನು ರುಬ್ಬಿದರೆ ಕಪ್ಪಾಗೇ ಆಗುತ್ತದೆ, ಅದಕ್ಕೆ ಮದ್ದಿಲ್ಲ ಅಂತ ಅಡುಗೆ ಬಲ್ಲವರೇ ಹೇಳಿದ್ದರು. ನಮ್ಮತ್ತೆಯಂತೂ "ಕಾಮಕಸ್ತೂರಿ ಮುಡಿಯೋದಕ್ಕೆ ಕಣೇ, ರುಬ್ಬೋದಕ್ಕಲ್ಲ" ಅಂದುಬಿಟ್ಟರು. ಈಗ ನನ್ನ ಪೆಸ್ಟೊ ಫ್ರೀಜರಿನಲ್ಲಿ ಮೂರು ತಿಂಗಳಾದರೂ ಹಸಿರಾಗಿಯೇ ಇರುತ್ತದೆ. ತಿಂಗಳಿಗೆ ಹತ್ತು-ಹನ್ನೆರಡು ಬಾಟಲಿ ಪರಿಚಯದವರಿಗೇ ಹೋಗುತ್ತವೆ.

ಮೊದಲು ದುಡ್ಡು ತಿಂದದ್ದು ಫ್ರಿಜ್ಜು. 50 ಗ್ರಾಂ ಪೊಟ್ಟಣಕ್ಕೆ 40 ರೂಪಾಯಿ ಹತ್ತಿರ ಕೊಟ್ಟು ತಂದರೆ, ಮಾರನೇ ದಿನ ಎಲೆ ತುಂಬ ಕಪ್ಪು ಚುಕ್ಕೆ. ಅರ್ಧಕ್ಕರ್ಧ ಕಸಕ್ಕೆ. ಹತ್ತು-ಹನ್ನೆರಡು ಡಿಗ್ರಿಗಿಂತ ಕೆಳಗಿನ ತಂಪು ಈ ಎಲೆಗೆ ಆಗಿಬರುವುದಿಲ್ಲ. ಕಡ್ಡಿಗಳನ್ನು ನೀರಿನ ಲೋಟದಲ್ಲಿ ನಿಲ್ಲಿಸಿ ಅಡುಗೆಕಟ್ಟೆ ಮೇಲೆ ಬಿಟ್ಟರೆ ಸಾಕು. ಆಮೇಲೆ ತಾರಸಿಯಲ್ಲೇ ಹದಿನೈದು ಕುಂಡ ಹಾಕಿದೆ. ತೆನೆ ಕಂಡ ಕೂಡಲೇ ಚಿವುಟುತ್ತೇನೆ.

ಬಣ್ಣ ಉಳಿಸಲು ನಿಂಬೆರಸ ಹಾಕಿ ನೋಡಿದೆ, ಪುದೀನ ಚಟ್ನಿ ದಾರಿ ಹಿಡಿಯಿತು. ಮೇಲೆ ಎಣ್ಣೆ ಸುರಿದೆ, ಮೇಲ್ಪದರ ಮಾತ್ರ ಉಳಿಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಕುದಿಯುವ ನೀರು. ಹತ್ತು ಎಣಿಸುವಷ್ಟು ಹೊತ್ತು ಎಲೆ ಮುಳುಗಿಸಿ, ತಕ್ಷಣ ಐಸ್ ನೀರಿಗೆ. ಆಮೇಲೆ ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಒಂದು ಬುಟ್ಟಿ ಎಲೆ ನಿಂಬೆಹಣ್ಣಿನ ಗಾತ್ರದ ಕಡುಹಸಿರು ಉಂಡೆಯಾಗುತ್ತದೆ. ಪರಿಮಳ ಸ್ವಲ್ಪ ಹೋಗುತ್ತದೆ, ಸುಳ್ಳಲ್ಲ. ಅದನ್ನು ತಿರುಗಿ ತರುವ ಉಪಾಯ ಇದೆ, ಅದೊಂದು ಮಾತ್ರ ಕೇಳಬೇಡಿ!

ಮಿಕ್ಸಿ ಜಾರನ್ನೂ ಮೊದಲೇ ತಣ್ಣಗೆ ಮಾಡಿಡಿ. ಆಲಿವ್ ಎಣ್ಣೆ ಹಾಕಿ ಜೋರಾಗಿ ತಿರುಗಿಸಿದರೆ ಕಹಿ ಬರುತ್ತದೆ. ನಾನು ಸೂರ್ಯಕಾಂತಿ ಎಣ್ಣೆಯಲ್ಲಿ ರುಬ್ಬಿ, ಆಲಿವ್ ಎಣ್ಣೆಯನ್ನು ಕೊನೆಗೆ ಚಮಚದಲ್ಲಿ ಕಲಸುತ್ತೇನೆ.

ಪೆಸ್ಟೊ ಹುಟ್ಟಿದ ಇಟಲಿಯ ಜಿನೋವಾದವರು ಹಾಕುವುದು ಪೈನ್ ಬೀಜ. ನಮ್ಮಲ್ಲಿ ಸಿಗುವ ಪೈನ್ ಬೀಜ, ಅಂದರೆ ಚಿಲ್ಗೋಜಾ, ಕಿಲೋಗೆ ಸಾವಿರಗಳ ಲೆಕ್ಕ. ಕಡಲೆಕಾಯಿ ಬೀಜ ಹಾಕಿದರೆ ನೇರ ಚಟ್ನಿಪುಡಿ ರುಚಿ. ಗೋಡಂಬಿ ಚೂರು ಸರಿಹೋಯಿತು. ಇಟಲಿಯ ಗಟ್ಟಿ ಚೀಸ್ ಆದ ಅಸಲಿ ಪಾರ್ಮೆಸಾನ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ನನ್ನ ಗಿರಾಕಿಗಳಲ್ಲಿ ಸಸ್ಯಾಹಾರಿಗಳೇ ಜಾಸ್ತಿ. ಹಾಗಾಗಿ ಹಸಿರು ಚುಕ್ಕೆ ಇರುವ ಚೀಸನ್ನೇ ಹುಡುಕಿ ತರುತ್ತೇನೆ. 150 ಗ್ರಾಂ ಬಾಟಲಿಗೆ ಖರ್ಚು ಸುಮಾರು 110, ಮಾರುವುದು 220ಕ್ಕೆ.

ನಡುವೆ ತುಳಸಿಯಲ್ಲೂ ಮಾಡಿ ನೋಡಿದೆ. ಮಕ್ಕಳು ಕಷಾಯ ಅಂತ ತಟ್ಟೆ ತಳ್ಳಿದರು. ಆದರೆ ನಾಟಿ ಕಾಮಕಸ್ತೂರಿ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದ ತಂಬುಳಿ ಇದೆಯಲ್ಲ, ಅತ್ತೆಯೇ ಎರಡನೇ ಸಲ ಬಡಿಸಿಕೊಂಡರು.

ಬಾಟಲಿ ಹೊರಗಿಡಬಹುದಾ ಅಂತ ಕೆಲವರು ಕೇಳುತ್ತಾರೆ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿ ಅದರಲ್ಲಿದೆ. ಹೊರಗಿಟ್ಟರೆ ಬಾಟುಲಿಸಂ ವಿಷದ ಅಪಾಯ, ವಾಸನೆಯಿಂದ ಗೊತ್ತೂ ಆಗುವುದಿಲ್ಲ. ಫ್ರೀಜರ್ ಇಲ್ಲದ ಮನೆಗೆ ನಾನು ಕೊಡುವುದೇ ಇಲ್ಲ.